ಸರ್ ವಾಲ್ಟರ್ ಸ್ಕಾಟನೂ ಆತನ ಮನೆಯೂ

ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟನು 1771ನೆಯ ಇಸವಿಯಲ್ಲಿ ಸ್ಕಾಟ್ಲೆಂಡು ದೇಶದ ಎಡಿನ್‌ಬರೋ ನಗರದಲ್ಲಿ ಜನಿಸಿದನು. 1811ರಲ್ಲಿ ಟ್ವೀಡ್ ನದೀತೀರದ ಒಂದು ಸಣ್ಣ ಹೊಲಮನೆಯನ್ನು ಕೊಂಡು, ಆಬಟ್ಸ್‌ಫರ್ಡ್ ಎಂದು ಹೆಸರಿಟ್ಟು, 1824ರೊಳಗೆ ಅಲ್ಲಿ ಗೋಪುರಗಳುಳ್ಳ ಭವನವನ್ನು ಕಟ್ಟಿಸಿದನು. ಎಡಿನ್‌ಬರೋವಿನ ಹಳೆಯ ಸೆರೆಮನೆಯನ್ನು ಕೆಡವಿದಾಗ ಅದರ ಬಾಗಿಲನ್ನು ತರಿಸಿ ಇದರ ಗೋಡೆಯಲ್ಲಿ ಸೇರಿಸಿದನು.

1826ರಲ್ಲಿ ಆತನು ಪಾಲುಗಾರನಾಗಿದ್ದ ಮುದ್ರಣಾಲಯವು ದಿವಾಳಿಯಾಗಲು, ಸುಮಾರು 1,20,000 ಪೌಂಡುಗಳ ಸಾಲವು ಆತನ ಮೇಲೆ ಬಿದ್ದಿತು. ಅದೇ ವರ್ಷ ಪತ್ನಿಯೂ ಮರಣಹೊಂದಿದಳು. ಆದರೂ ಆತನು ಪರರ ಧನಸಹಾಯವನ್ನು ಒಲ್ಲದೆ, ಬರೆದೇ ಸಾಲ ತೀರಿಸಲು ನಿಶ್ಚಯಿಸಿ ಹಗಲಿರುಳು ದುಡಿದನು. ಸಾಲಿಗರು ಮೆಚ್ಚಿ 1830ರಲ್ಲಿ ಆತನ ಪುಸ್ತಕಭಂಡಾರವನ್ನು ಆತನಿಗೇ ಬಿಟ್ಟುಕೊಟ್ಟರು. 1832ರಲ್ಲಿ ಆ ಮನೆಯಲ್ಲಿಯೇ ಪ್ರಾಣಬಿಟ್ಟನು. ಉಳಿದ ಸಾಲವು ಆತನ ಗ್ರಂಥಗಳ ಆದಾಯದಿಂದಲೇ ತೀರಿತು; ಮನೆಯು 2004ರ ವರೆಗೂ ವಂಶಸ್ಥರಲ್ಲಿ ಉಳಿಯಿತು.

ಕಷ್ಟವು ಯಾವ ಮನೆಗಾದರೂ ಬರಬಹುದು. ನಮ್ಮ ಹೆಣ್ಣುಮಕ್ಕಳು ಈತನ ಪ್ರಾಮಾಣಿಕತೆಯನ್ನು ನೆನಪಿನಲ್ಲಿಡಲಿ.