78 ಎಂಬ ತಪ್ಪು, ಹಾಪರ್ ಎಂಬ ಅಜ್ಜಿ

ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗಲೆಂದು ಕಳೆದ ತಿಂಗಳು ಕೋಬಾಲ್ ಕಲಿಯಲು ಕುಳಿತೆ. ಬ್ಯಾಂಕುಗಳ ಎಷ್ಟೋ ಹಳೆಯ ಪ್ರೋಗ್ರಾಂಗಳು ಇಂದಿಗೂ ಈ ಭಾಷೆಯಲ್ಲೇ ಇವೆ. ಇದರಲ್ಲಿ ಪ್ರತಿ ಮಾಹಿತಿಗೂ ಒಂದು ಲೆವೆಲ್ ನಂಬರ್ ಕೊಡಬೇಕು. ಇಡೀ ದಾಖಲೆಗೆ 01, ಅದರೊಳಗಿನ ಹೆಸರು, ಅಂಕಗಳಿಗೆ 05 ಅಥವಾ 10, ಬಿಡಿ ಮಾಹಿತಿಗೆ 77, ಷರತ್ತಿನ ಹೆಸರಿಗೆ 88. ಪಾಸಾಗಲು ಬೇಕಾದ ಅಂಕ ಬದಲಾಗುವುದಿಲ್ಲವಲ್ಲ ಎಂದು ನಾನು ಅದನ್ನು 78ರಲ್ಲಿ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಎರರ್ ತೋರಿಸಿತು. ಅವನದು ಬೇರೆ ಕಂಪೈಲರ್. 78 ಎಂಬುದು ಕೋಬಾಲ್‌ನ ಅಧಿಕೃತ ನಿಯಮಗಳಲ್ಲೇ ಇಲ್ಲ, ಕೆಲವು ಕಂಪೈಲರ್‌ಗಳು ತಾವಾಗಿ ಸೇರಿಸಿಕೊಂಡದ್ದು ಎಂದು ಆಮೇಲೆ ಗೊತ್ತಾಯಿತು.

ಇಂಥ ಗೊಂದಲ ತಪ್ಪಿಸಲೆಂದೇ ವರ್ಷಗಟ್ಟಲೆ ದುಡಿದವರು ಯಾರು ಎಂದು ಹುಡುಕಿದಾಗ ಸಿಕ್ಕವರು ಗ್ರೇಸ್ ಹಾಪರ್.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಅಲಾರಂ ಗಡಿಯಾರಗಳನ್ನು ಬಿಚ್ಚಿ ನೋಡುತ್ತಿದ್ದರು. 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದು ವಾಸರ್ ಕಾಲೇಜಿನಲ್ಲಿ ಪಾಠ ಹೇಳಿದರು. ಎರಡನೇ ಮಹಾಯುದ್ಧದ ವೇಳೆ ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ. ಆದರೂ ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದು ಸೇರಿದರು. ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಮುಂದೆ ನಿಂತಾಗ ಅವರಿಗೆ 37 ವರ್ಷ. ಕಂಪ್ಯೂಟರ್ ಬದುಕು ಶುರುವಾದದ್ದೇ ಆಗ.

1952ರಲ್ಲಿ ಎ-0 ಎಂಬ ಕಂಪೈಲರ್ ರೂಪಿಸಿದರು. ಬಳಿಕ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವ ಫ್ಲೋ-ಮ್ಯಾಟಿಕ್ ಬಂತು. 1959ರಲ್ಲಿ ಆರಂಭವಾದ ಕೋಬಾಲ್ ಕೆಲಸಕ್ಕೆ ಅದೇ ದೊಡ್ಡ ಆಧಾರವಾಯಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಮತ್ತು ಯೂನಿವ್ಯಾಕ್ ಯಂತ್ರಗಳೆರಡರಲ್ಲೂ ಓಡಿತು.

ಆದರೆ ತಯಾರಕರು ತಮ್ಮ ತಮ್ಮ ಕಂಪೈಲರ್‌ಗೆ ತಮ್ಮದೇ ಒಗ್ಗರಣೆ ಹಾಕತೊಡಗಿದರು. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲಿ ಓಡದಾಯಿತು. 1966ರ ಕೊನೆಗೆ ಹಾಪರ್ ಅವರನ್ನು ನಿವೃತ್ತಿಗೊಳಿಸಿದ್ದ ನೌಕಾಪಡೆ, ಮರುವರ್ಷವೇ ಆರು ತಿಂಗಳ ಮಟ್ಟಿಗೆಂದು ವಾಪಸ್ ಕರೆಯಿತು. ಆಗ ಅವರಿಗೆ 60 ವರ್ಷ. ಹೊಸ ಭಾಷೆ ಕಟ್ಟುವ ಕೆಲಸವಲ್ಲ, ಇರುವುದನ್ನು ಒಂದು ಶಿಸ್ತಿಗೆ ತರುವ ಕೆಲಸ. ಅವರ ತಂಡ ಪರೀಕ್ಷಾ ಪ್ರೋಗ್ರಾಂಗಳನ್ನು ಬರೆಯಿತು. ಕಂಪೈಲರ್ ನಿಯಮದಂತೆ ನಡೆಯುತ್ತದೆಯೇ ಎಂದು ಅವುಗಳಿಂದ ತಿಳಿಯುತ್ತಿತ್ತು. ನಡುವೆ ಅಲ್ಪ ವಿರಾಮ ಬಿಟ್ಟರೆ ಅವರ ನೌಕಾಪಡೆ ಸೇವೆ 1986ರವರೆಗೆ ಮುಂದುವರಿಯಿತು. ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ 79 ವರ್ಷ. 1992ರ ಜನವರಿ 1ರಂದು ತೀರಿಕೊಂಡರು.

ಹೊಸದನ್ನು ಕಂಡುಹಿಡಿದವರೇ ದೊಡ್ಡವರು ಎಂದುಕೊಂಡಿದ್ದೆ. ಕಂಡುಹಿಡಿದದ್ದು ಎಲ್ಲರ ಕೈಯಲ್ಲೂ ಒಂದೇ ರೀತಿ ನಡೆಯುವಂತೆ ನೋಡಿಕೊಳ್ಳುವುದೂ ಅಷ್ಟೇ ದೊಡ್ಡದು ಎಂದು ಈಗ ಅನ್ನಿಸುತ್ತಿದೆ. ಟೆಸ್ಟಿಂಗ್ ಕೆಲಸ ಸಿಕ್ಕರೆ ಬೇಡ ಎನ್ನುತ್ತಿದ್ದ ನಾನು ಆ ಹಟ ಬಿಟ್ಟಿದ್ದೇನೆ.

ಅಂದಹಾಗೆ, 78ರ ಸಾಲು ಅಳಿಸಿ ಅದನ್ನೇ 01ರಲ್ಲಿ ಬರೆದೆ. ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಓಡಿತು.