ಪಂಡಿತಾ ರಮಾಬಾಯಿಯವರ ಚರಿತ್ರೆ

ಹರಿಹರದ ಸೇತುವೆಯ ಕೆಳಗೆ ಹರಿಯುವ ನೀರು ಎಲ್ಲಿಂದ ಬರುತ್ತದೆಂದು ನಮ್ಮ ಮಕ್ಕಳನ್ನು ಕೇಳಿದರೆ ಕೂಡ್ಲಿಯಿಂದ ಅನ್ನುವರು; ಅದಕ್ಕೂ ಮೇಲೆ ಎಲ್ಲಿಂದ ಅಂದರೆ ಸುಮ್ಮನಿರುವರು. ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಒಂದೇ ಅಡವಿಯಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ದಾವಣಗೆರೆಯ ಗದ್ದೆಗಳಿಗೆ ಹಾಯುವ ಭದ್ರಾ ನಾಲೆಯ ನೀರೂ ಆ ಅಡವಿಯದೇ. ಆ ಗಂಗಾಮೂಲದಲ್ಲಿ 1858ನೇ ಇಸವಿ ಏಪ್ರಿಲ್ 23ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಆಕೆಯ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು, ದೊಡ್ಡ ಪಂಡಿತರು. ಮೊದಲನೆಯ ಹೆಂಡತಿಯು ತೀರಿಹೋದ ಮೇಲೆ ಅವರು ಯಾತ್ರೆಗೆ ಹೋಗಿರಲು, ಗೋದಾವರೀ ತೀರದಲ್ಲಿ ಸ್ನಾನಕ್ಕೆ ಬಂದ ಮತ್ತೊಬ್ಬ ಯಾತ್ರಿಕನು ಅವರನ್ನು ನೋಡಿ, ಕುಲಗೋತ್ರಗಳನ್ನು ವಿಚಾರಿಸಿ, ಮರುದಿನವೇ ತನ್ನ ಒಂಬತ್ತು ವರುಷದ ಮಗಳನ್ನು ಧಾರೆಯೆರೆದು ಕೊಟ್ಟು ತನ್ನ ದಾರಿ ಹಿಡಿದನು. ವರನಿಗೆ ಆಗ ನಾಲ್ವತ್ತು ದಾಟಿತ್ತು. ಆ ಮಗುವೇ ರಮಾಬಾಯಿಯವರ ತಾಯಿ ಲಕ್ಷ್ಮೀಬಾಯಿ. ಗಂಡನು ಒಳ್ಳೆಯವನಾಗಿದ್ದದ್ದರಿಂದ ಆಕೆಯು ಬದುಕಿಕೊಂಡಳು. ಆದರೆ ಅದು ಆ ತಂದೆಯ ಜಾಣತನವಲ್ಲ. ಹೀಗೆ ಗುರುತಿಲ್ಲದವನ ಕೈಗೆ ಬಿದ್ದ ಬೇರೆ ಮಕ್ಕಳ ಗತಿಯೇನಾಯಿತೆಂಬ ಪ್ರಶ್ನೆಯು ರಮಾಬಾಯಿಯವರನ್ನು ಆಯುಷ್ಯವೆಲ್ಲಾ ಬಿಡಲಿಲ್ಲ.

ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ಹೆಂಗಸಿಗೆ ದೇವಭಾಷೆ ಯಾಕೆಂದು ಜನರು ಗುಲ್ಲೆಬ್ಬಿಸಿದ್ದರಿಂದ ಉಡುಪಿಯ ಪಂಡಿತರ ಮುಂದೆ ನಿಂತು ಶಾಸ್ತ್ರಾಧಾರವನ್ನು ತೋರಿಸಬೇಕಾಯಿತು. ಬಳಿಕ ಅವರು ಗಂಗಾಮೂಲದಲ್ಲಿ ಗುಡಿಸಲು ಕಟ್ಟಿಕೊಂಡರು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಮನೆಯವರೆಲ್ಲರೂ ಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ಇಳಿಸಿದರಂತೆ. ನಡೆಯುತ್ತಲೇ ತಾಯಿಯಿಂದ ಪಾಠ. ಭಾಗವತದ 18,000 ಶ್ಲೋಕಗಳು ಬಾಯಿಪಾಠವಾದವು. 1874ರಿಂದ ಬಡತನವೂ ಬರವೂ ಕೂಡಿಬಂದು ತಂದೆಯೂ ತಾಯಿಯೂ ಅಕ್ಕನೂ ಒಬ್ಬರ ಹಿಂದೊಬ್ಬರು ಹಸಿವಿನಿಂದ ಕ್ಷೀಣಿಸಿ ತೀರಿಹೋದರು. ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ ಮಾತ್ರ. 1878ರಲ್ಲಿ ಅವರಿಬ್ಬರೂ ಕಾಲ್ನಡೆಯಾಗಿ ಕಲ್ಕತ್ತೆಗೆ ಸೇರಿದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು.

1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಆಕೆಯು ಜಾತಿಯನ್ನು ಎಣಿಸದೆ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡರು. ಇಪ್ಪತ್ತಮೂರು ವರುಷದ ವಿಧವೆಯು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರುಷ ಇಂಗ್ಲೆಂಡಿಗೆ ಹೋಗಿ ವಾಂಟೇಜಿನಲ್ಲಿ ಸೆಪ್ಟೆಂಬರ್ 29ರಲ್ಲಿ ದೀಕ್ಷಾಸ್ನಾನ ಹೊಂದಿದರು. 1886ರಲ್ಲಿ ಅಮೇರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಪ್ರಕಟಿಸಿದರು.

ಆ ಪುಸ್ತಕದಲ್ಲಿ ರುಖ್ಮಾಬಾಯಿಯ ವ್ಯಾಜ್ಯದ ಮಾತು ಬರುತ್ತದೆ. ಮುಂಬಯಿಯ ಈ ಹುಡುಗಿಯನ್ನು ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ ಮಾಡಿದ್ದರು. ಬೆಳೆದ ಮೇಲೆ ಆಕೆಯು ಆ ಗಂಡನ ಮನೆಗೆ ಹೋಗಲೊಲ್ಲೆನೆಂದಳು. ಅವನು 1884ರಲ್ಲಿ ದಾವೆ ಹೂಡಿದನು. 1887ರ ಮಾರ್ಚಿಯಲ್ಲಿ ನ್ಯಾಯಾಲಯವು, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಅರ್ಥದ ತೀರ್ಪು ಕೊಟ್ಟಿತು. ಆಕೆಯು ಸೆರೆಮನೆಗೇ ಸಿದ್ಧಳಾದಳು. 1888ರಲ್ಲಿ ರಾಜಿಯಾಗಿ ಬಿಡುಗಡೆಯಾಯಿತು. ಮುಂದೆ ಆಕೆಯು ವೈದ್ಯಳಾದಳು. ಬಲಾತ್ಕಾರದ ಸಂಬಂಧಕ್ಕೆ ಒಪ್ಪದ ಹುಡುಗಿಯನ್ನು ತಪ್ಪಿತಸ್ಥಳಾಗಿ ನಿಲ್ಲಿಸಿದ ಕಾನೂನಿನ ಮೇಲೆ ರಮಾಬಾಯಿಯವರಿಗೆ ಬಂದ ಸಿಟ್ಟು ನ್ಯಾಯವಾದದ್ದೇ. ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿದ್ದು 1891ರಲ್ಲಿ. ದಾವಣಗೆರೆ ಹರಿಹರಗಳು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಎಂಟು ವರುಷದೊಳಗಿನ ಹುಡುಗಿಯರ ಮದುವೆಯೂ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕರೊಳಗಿನ ಹುಡುಗಿಯನ್ನು ಕೊಡುವದೂ ನಿಷೇಧವಾದವು. ಎಂಟು ವರುಷವೆಂಬದೇ ಆಗ ದೊಡ್ಡ ಸುಧಾರಣೆ!

1889ರ ಮಾರ್ಚಿ 11ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮೊದಲು ಬಂದವರು ಇಬ್ಬರೇ ಹುಡುಗಿಯರು. ಅವರಲ್ಲೊಬ್ಬಳು ಬಾಲ್ಯದಲ್ಲಿಯೇ ವಿಧವೆಯಾದ ಗೋದೂಬಾಯಿ. ಅಲ್ಲಿ ಯಾರ ಊಟದ ಮಡಿಯನ್ನೂ ಕೆಡಿಸುತ್ತಿರಲಿಲ್ಲ. ಓದು, ಕೆಲಸ, ತೋಟದಲ್ಲಿ ತಿರುಗಾಟ ಇವೆಲ್ಲವಿದ್ದವು. ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದವರಿಗೆ ಈ ತಿರುಗಾಟವೇ ಅರ್ಧ ಔಷಧವಾಗಿತ್ತೆಂದು ನಮ್ಮ ಅಭಿಪ್ರಾಯ. ಗೋದೂಬಾಯಿಯು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿಯೆನಿಸಿಕೊಂಡು, ಕರ್ವೆಯವರು ನಡಿಸಿದ ವಿಧವೆಯರ ಆಶ್ರಮಕ್ಕಾಗಿ ತಾನೇ ಊರೂರು ತಿರುಗಿ ಹಣ ಕೂಡಿಸಿದಳು.

ಅದೇ 1893ರಲ್ಲಿ ಪುಣೆಯಲ್ಲಿ ದೊಡ್ಡ ಗಲಭೆಯಾಯಿತು. ರಮಾಬಾಯಿಯವರು ಪ್ರಾರ್ಥಿಸುವಾಗ ಬಾಗಿಲನ್ನು ತೆರೆದೇ ಇಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕೂಡುತ್ತಿದ್ದರು. ಇದು ಮತಾಂತರದ ಉಪಾಯವೆಂದು ಪತ್ರಿಕೆಗಳು ಬರೆದವು. ರಾನಡೆ, ಭಂಡಾರಕರ ಮೊದಲಾದವರು ಸಲಹಾಮಂಡಲಿಯನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರಕೊಂಡು ಹೋದರು. ಅಲ್ಲಿ ಒತ್ತಾಯವಿತ್ತೆಂದು ನಾವು ನಂಬುವದಿಲ್ಲ. ಆದರೂ ಆ ತಂದೆತಾಯಿಗಳ ಭಯವನ್ನು ನಗೆಗೀಡುಮಾಡುವದು ನಮಗೆ ತರವಲ್ಲ. ನೊಂದವಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಡುವವನು ಆಕೆಯ ಮನಸ್ಸಿನ ಮೇಲೆ ಎಷ್ಟು ಅಧಿಕಾರವುಳ್ಳವನಾಗುತ್ತಾನೆಂಬದನ್ನು ಉಪದೇಶಿಗಳಾದ ನಾವು ಮರೆಯಬಾರದು.

1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ಘೋರವಾದ ಬರ ಬಿತ್ತು. ತನ್ನ ತಂದೆತಾಯಿಗಳ ಸಾವನ್ನು ಕಂಡಿದ್ದ ಆಕೆಯು ಅಲ್ಲಿಗೆ ಹೋದರು. ಬಡವರನ್ನು ಕಾಪಾಡುವದಕ್ಕೆಂದೇ ಮಾಡಿದ ಶಿಬಿರಗಳಲ್ಲಿ ಒಂದು ತುತ್ತು ಅನ್ನಕ್ಕಾಗಿ ಎಳೆಯ ಹುಡುಗಿಯರನ್ನು ಕೆಡಿಸುವವರೂ ಕೊಳ್ಳುವವರೂ ಇದ್ದದ್ದನ್ನು ಕಂಡು, ಸುಮಾರು 300 ಮಂದಿಯನ್ನು ಬಿಡಿಸಿ ತಂದರು. ಪುಣೆಯಲ್ಲಿ ಪ್ಲೇಗಿದ್ದದ್ದರಿಂದ 34 ಮೈಲು ದೂರದ ಕೇಡಗಾಂವದ ಹೊಲದಲ್ಲಿ ಗುಡಾರಗಳನ್ನು ಹಾಕಿದರು. ಅದೇ ಮುಕ್ತಿ ಸದನವಾಯಿತು.

ಈ ಸಂಗತಿಯನ್ನು ನಮ್ಮ ಯೌವನಸ್ಥರ ಸಂಘದವರು ಗಮನವಿಟ್ಟು ಓದಬೇಕು. ಅಷ್ಟು ಮಕ್ಕಳನ್ನು ನೋಡಿಕೊಂಡವರು ಯಾರು? ಹೆಚ್ಚಾಗಿ ಶಾರದಾ ಸದನದ ಯೌವನಸ್ಥ ಹೆಣ್ಣುಮಕ್ಕಳೇ. ನಿನ್ನೆ ತಾವೇ ಪೆಟ್ಟು ತಿಂದು, ತಲೆ ಬೋಳಿಸಿಕೊಂಡು ಬಂದವರು ಇಂದು ಚಿಕ್ಕವರಿಗೆ ಸ್ನಾನ ಮಾಡಿಸಿ, ಹುಣ್ಣು ತೊಳೆದು, ರಾತ್ರಿಯಲ್ಲಿ ಹತ್ತಿರ ಮಲಗಿಸಿಕೊಂಡರು. ಬಂದ ಮಕ್ಕಳು ಯಾರನ್ನೂ ನಂಬುತ್ತಿರಲಿಲ್ಲ. ಇವರು ನಮ್ಮನ್ನು ಕೊಬ್ಬಿಸಿ ತಲೆಕೆಳಗಾಗಿ ತೂಗಹಾಕಿ ಎಣ್ಣೆ ತೆಗೆಯುತ್ತಾರೆಂಬ ಸುದ್ದಿಯು ಹಬ್ಬಿತ್ತು. ಇಂಥ ಭಯವನ್ನು ಪಂಡಿತೆಯ ಪಾಂಡಿತ್ಯವು ಹೇಗೆ ಬಿಡಿಸೀತು? ಅದೇ ನೋವುಂಡ ಅಕ್ಕನೊಬ್ಬಳು ಪಕ್ಕದಲ್ಲಿ ಕೂತರೆ ಬಿಟ್ಟೀತು.

ನಮ್ಮ ಹಳ್ಳಿಗಳಲ್ಲಿಯೂ ಇದೇ ನಡೆಯುತ್ತದೆ. ನಿಶ್ಚಯವಾದ ಹುಡುಗನು ಕೈಮಾಡುತ್ತಾನೆ. ಪ್ರೀತಿಸುತ್ತೇನೆಂದವನು ಮೊಬೈಲಿನಲ್ಲಿ ಚಿತ್ರ ಇಟ್ಟುಕೊಂಡು ಹೆದರಿಸುತ್ತಾನೆ. ಹದಿನಾರಕ್ಕೆ ಕೊಟ್ಟವಳು ಸೀರೆಯ ಸೆರಗಿನಿಂದ ಬಾಸುಂಡೆ ಮುಚ್ಚಿಕೊಂಡು ತವರಿಗೆ ಬರುತ್ತಾಳೆ. ಅಂಥವಳು ಮೊದಲು ಬಾಯಿಬಿಡುವದು ಹಿರಿಯರ ಮುಂದಲ್ಲ, ತನ್ನ ವಯಸ್ಸಿನ ಗೆಳತಿಯ ಮುಂದೆ. ಆ ಗೆಳತಿಯು ಅದನ್ನು ನಲ್ಲಿಯ ಬಳಿ ಹರಡದೆ, ಹೊಂದಿಕೊಂಡು ಹೋಗೆಂದು ಗದರಿಸದೆ, ಮಾತನ್ನು ನಂಬಿ, ಆಕೆಯು ಹದಿನೆಂಟರೊಳಗಿನವಳಾದರೆ 1098ಕ್ಕೂ, ದೊಡ್ಡವಳಾದರೆ 181ಕ್ಕೂ ಫೋನು ಮಾಡುವದಕ್ಕೆ ಜೊತೆಯಾದರೆ ಬಹಳವಾಯಿತು. 2005ರ ಕಾನೂನು ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಯುತ್ತದೆ. 2006ರ ಕಾನೂನಿನಂತೆ ಹುಡುಗಿಗೆ ಹದಿನೆಂಟೂ ಹುಡುಗನಿಗೆ ಇಪ್ಪತ್ತೊಂದೂ ತುಂಬದೆ ಮದುವೆ ಮಾಡಕೂಡದು. ನಮ್ಮ ಸಭೆಯ ಹಿರಿಯರು ಮದುವೆಯ ಪ್ರಕಟಣೆಯನ್ನು ಓದುವ ಮೊದಲು ಇದನ್ನು ನೋಡುತ್ತಾರೋ ಇಲ್ಲವೋ, ಅವರೇ ಹೇಳಲಿ.

ಇನ್ನು ಕಥೆಗೆ ಬರೋಣ. 1897ರಲ್ಲಿ ಪ್ಲೇಗಿನ ಆಸ್ಪತ್ರೆಗೆ ಒಯ್ಯಲ್ಪಟ್ಟ ಸದನದ ಒಬ್ಬ ಹುಡುಗಿಯು ಹಿಂದಿರುಗಲಿಲ್ಲ. ಅಲ್ಲಿಯ ಕಾವಲುಗಾರನೊಬ್ಬನ ವಶವಾದಳೆಂದು ತಿಳಿಯಬಂತು. ರಮಾಬಾಯಿಯವರು ಮಾನಕ್ಕೆ ಹೆದರಿ ಮುಚ್ಚಿಡದೆ ಪತ್ರಿಕೆಗೆ ಬರೆದರು. ಸರಕಾರದವರು ಅಲ್ಲಗಳೆದರೂ ಆಕೆಯು ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಹಾಗೆ ಕೆಟ್ಟವರೆನಿಸಿಕೊಂಡ ಹೆಂಗಸರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯು ಮುಕ್ತಿಯಲ್ಲಿ ಉಂಟಾಯಿತು. 1900ರ ಗುಜರಾತಿನ ಬರದ ಮೇಲೆ ಅಲ್ಲಿದ್ದವರ ಸಂಖ್ಯೆಯು 2,000ದ ಹತ್ತಿರಕ್ಕೆ ಬಂತು. ನೇಯ್ಗೆ, ಎಣ್ಣೆಗಾಣ, ಹೈನು, ಬೇಸಾಯ, ಅಚ್ಚುಕೂಟ ಎಲ್ಲವನ್ನೂ ಹೆಣ್ಣುಮಕ್ಕಳೇ ನಡಿಸಿದರು. ಕುರುಡಿಯರಿಗೆ ಮನೋರಮೆಯು ಅಮೇರಿಕದಲ್ಲಿ ಕಲಿತುಬಂದು ಬ್ರೈಲ್ ಅಕ್ಷರಗಳನ್ನು ಕಲಿಸಿದಳು. 1912ರಲ್ಲಿ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದು ಮಗಳಿಗೆ ಒಪ್ಪಿಸಿದರು. ಹೀಗೆ ಆಕೆಯ ಕೆಲಸವು ಕನ್ನಡ ನಾಡಿಗೂ ಮುಟ್ಟಿತು.

ಮನೋರಮೆಯು 1921ರ ಜುಲೈಯಲ್ಲಿ ತಾಯಿಗಿಂತ ಮೊದಲೇ ತೀರಿಹೋದಳು. ರಮಾಬಾಯಿಯವರು ಆಗ ಮರಾಠಿಯಲ್ಲಿ ಸತ್ಯವೇದದ ಭಾಷಾಂತರವನ್ನು ತಿದ್ದುತ್ತಿದ್ದರು. ಹಳ್ಳಿಯ ಹೆಂಗಸಿಗೂ ತಿಳಿಯುವ ಮಾತೇ ಬೇಕೆಂಬದು ಆಕೆಯ ಹಟ. ಕಡೆಯ ಕರಡುಗಳನ್ನು ನೋಡಿ ಮುಗಿಸಿ, 1922ರ ಏಪ್ರಿಲ್ 5ರಲ್ಲಿ ಕೇಡಗಾಂವದಲ್ಲಿ ನಿದ್ರೆಹೋದರು. ಆಗ ಅರುವತ್ತನಾಲ್ಕು ತುಂಬಲು ಹದಿನೆಂಟು ದಿವಸ ಉಳಿದಿತ್ತು. ಆ ಸತ್ಯವೇದವು 1924ರಲ್ಲಿ ಹೊರಬಂತು. ಅದರ ಅಚ್ಚಿನ ಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹುಡುಗಿಯರು.