ಬಿಇ ಓದದ ಎಂಜಿನಿಯರ್: ನಮ್ಮ ಶಂಕ್ರಣ್ಣ

ಯಡಿಯೂರು ಕೆರೆ ಪಕ್ಕದ ರಸ್ತೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಹಿಂದುಗಡೆ ಶಂಕರ್ ನಾಗ್ ಫೋಟೋ ಅಂಟಿಸಿಕೊಂಡ ಒಂದಾದರೂ ಆಟೋ ಪಾಸಾಗುತ್ತೆ. ಕೆಲವದರಲ್ಲಿ ಖಾಕಿ ಶರ್ಟ್, ಕೆಲವದರಲ್ಲಿ ಬರೀ ಆ ನಗು. ಅವರು ತೀರಿಕೊಂಡಿದ್ದು 1990ರಲ್ಲಿ. ಆ ಆಟೋ ಓಡಿಸುವ ಎಷ್ಟೋ ಅಣ್ಣಂದಿರು ಆಗ ಹುಟ್ಟೇ ಇರಲಿಲ್ಲ, ನಾವಂತೂ ಬಿಡಿ. ಆದರೂ ನವೆಂಬರ್ 9 ಬಂತೆಂದರೆ ಆಟೋ ಸ್ಟ್ಯಾಂಡಿನಲ್ಲಿ ಹಾರ, ಸ್ಪೀಕರು, ಸಿಹಿ ಎಲ್ಲಾ ಇರುತ್ತೆ.

1980ರ ‘ಆಟೋ ರಾಜ’ ಸಿನಿಮಾದಿಂದ ಶುರುವಾದ ನಂಟು ಅದು. ಅದರ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ನಾವು ಎಂಜಿನಿಯರಿಂಗ್ ಓದುವವರು ತಿಳಿದುಕೊಳ್ಳಬೇಕಾದ ಶಂಕರ್ ನಾಗ್ ಇನ್ನೊಬ್ಬರಿದ್ದಾರೆ. ಹೊಸ ಯಂತ್ರ ಕಂಡರೆ ಸುಮ್ಮನಿರಲಾಗದ, ಇದು ನಮ್ಮೂರಿಗೆ ಯಾಕೆ ಬಂದಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದ ಮನುಷ್ಯ. ಈ ಲೇಖನ ಅವರ ಬಗ್ಗೆ.

ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಅಣ್ಣ ಅನಂತ್ ನಾಗ್ ಯಾರೆಂದು ಹೇಳಬೇಕಾಗಿಲ್ಲ. ಓದು ಮುಗಿಸುವ ಹೊತ್ತಿಗೆ ಶಂಕರ್ ಮುಂಬಯಿಯಲ್ಲಿದ್ದರು, ಮರಾಠಿ ನಾಟಕಗಳ ಹುಚ್ಚು ಹಿಡಿದಿತ್ತು. ಮುಂದೆ ಹೆಂಡತಿಯಾದ ಅರುಂಧತಿ ಅವರ ಪರಿಚಯ ಆದದ್ದೂ ಅಲ್ಲಿನ ರಂಗಭೂಮಿಯಲ್ಲೇ. ‘22 ಜೂನ್ 1897’ ಎಂಬ ಮರಾಠಿ ಸಿನಿಮಾದ ಚಿತ್ರಕಥೆಯಲ್ಲಿ ಇವರ ಕೈ ಇದೆ. ಅಂದರೆ ನಟನಾಗುವ ಹೊತ್ತಿಗೇ ಬರೆಯುವುದು, ಸ್ಟೇಜ್ ಕಟ್ಟುವುದು, ಲೈಟ್ ಹಾಕುವುದು ಎಲ್ಲಾ ನೋಡಿಯಾಗಿತ್ತು.

ಕನ್ನಡಕ್ಕೆ ಕರೆತಂದವರು ಗಿರೀಶ್ ಕಾರ್ನಾಡ್. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕೂಲಿ ಯೋಧನ ಪಾತ್ರ. ಮೊದಲ ಕನ್ನಡ ಸಿನಿಮಾಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. ಮುಂದಿನ ಹನ್ನೆರಡು ವರ್ಷಕ್ಕೆ ಎಂಬತ್ತಕ್ಕೂ ಹೆಚ್ಚು ಸಿನಿಮಾ! ಲೆಕ್ಕ ಹಾಕಿ ನೋಡಿ, ನಮಗೆ ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರದ್ದು ಮೂರು ಸಿನಿಮಾ ಮುಗಿದಿರುತ್ತಿತ್ತು. ನಿಜ ಹೇಳಬೇಕೆಂದರೆ ಅದರಲ್ಲಿ ಬಹಳಷ್ಟು ಫೈಟು, ಹಾಡು, ಸೇಡು ಅಷ್ಟೇ. ನಾವು ಕೆಲವನ್ನು ಕೂತು ನೋಡಿದ್ದೇವೆ, ಅರ್ಧದಲ್ಲೇ ಎದ್ದಿದ್ದೇವೆ. ಆದರೆ ಅಲ್ಲಿ ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಿದಾಗ ಆ ಸಿನಿಮಾಗಳ ಮೇಲಿನ ಕೋಪ ಕಡಿಮೆಯಾಗುತ್ತೆ.

ತಾವೇ ನಿರ್ದೇಶಿಸಿದವು ಬೇರೆಯೇ ಲೆಕ್ಕ. ‘ಮಿಂಚಿನ ಓಟ’ ಕಾರು ಕಳ್ಳರ ಕಥೆ, ಈಗ ನೋಡಿದರೂ ಓಡುತ್ತೆ. ‘ಗೀತಾ’ ಹಾಡುಗಳು ಇಂದಿಗೂ ನಮ್ಮ ಹಾಸ್ಟೆಲ್‌ನಲ್ಲಿ ಕೇಳಿಸುತ್ತವೆ. ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರನ್ನು ಕೊಲ್ಲುತ್ತಾನೆ. ಆ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಇವತ್ತಿನ ಪೇಪರ್ ಓದಿ ಬರೆದ ಕಥೆಯಂತಿದೆ.

ಈಗ ವಿಷಯಕ್ಕೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು, ಅದನ್ನು ತೆಗೆದದ್ದು ಕೊಲ್ಹಾಪುರದಲ್ಲಿ. ಆಮೇಲೆ ಎಷ್ಟೋ ವರ್ಷ ಕನ್ನಡ ಸಿನಿಮಾ ಅಂದರೆ ಮದ್ರಾಸ್ ರೈಲು ಹತ್ತುವುದು. ಕಾಲಕ್ರಮೇಣ ಶೂಟಿಂಗ್ ಇಲ್ಲಿಗೆ ಬಂತು, ಬೆಂಗಳೂರಿನಲ್ಲಿ ಸ್ಟುಡಿಯೊ ಫ್ಲೋರುಗಳಾದವು. ಆದರೆ ಶಬ್ದದ ಕೆಲಸ ಮಾತ್ರ ಮದ್ರಾಸಿನಲ್ಲೇ ಉಳಿಯಿತು.

ಇದು ಯಾಕೆ ದೊಡ್ಡ ಸಮಸ್ಯೆ ಎಂದು ನಮ್ಮಂಥವರಿಗೆ ತಕ್ಷಣ ಹೊಳೆಯಲ್ಲ, ಫೋನಿನಲ್ಲೇ ರೆಕಾರ್ಡ್ ಮಾಡಿ ಎಡಿಟ್ ಮಾಡುವವರು ನಾವು. ಆಗಿನ ಕ್ಯಾಮೆರಾಗಳು ಗರಗರ ಸದ್ದು ಮಾಡುತ್ತಿದ್ದವು. ಸೆಟ್ಟಿನಲ್ಲಿ ಹಿಡಿದ ಮಾತು ಗುರುತಿಗೆ ಮಾತ್ರ, ಪೈಲಟ್ ಟ್ರ್ಯಾಕ್ ಅನ್ನುತ್ತಾರೆ. ಶೂಟಿಂಗ್ ಮುಗಿದ ಮೇಲೆ ನಟರೆಲ್ಲಾ ಡಬ್ಬಿಂಗ್ ಥಿಯೇಟರಿನಲ್ಲಿ ನಿಂತು, ಪರದೆ ಮೇಲೆ ತಮ್ಮದೇ ತುಟಿ ನೋಡುತ್ತಾ ಮತ್ತೆ ಮಾತಾಡಬೇಕು. ಹಾಡಿಗೆ ಇಡೀ ವಾದ್ಯಗೋಷ್ಠಿ ಒಂದೇ ಕೋಣೆಯಲ್ಲಿ ಕೂರಬೇಕು, ಒಬ್ಬರು ತಪ್ಪಿದರೆ ಮೊದಲಿಂದ. ಆಮೇಲೆ ಹಿನ್ನೆಲೆ ಸಂಗೀತ, ಅದು ರೀರೆಕಾರ್ಡಿಂಗ್. ಕೊನೆಗೆ ಮಾತು, ಹಾಡು, ಬಾಗಿಲ ಸದ್ದು, ಮಳೆ ಸದ್ದು ಎಲ್ಲಾ ಸೇರಿಸಿ ಮಿಕ್ಸಿಂಗ್. ಒಂದೊಂದಕ್ಕೂ ಬಾಡಿಗೆ, ಕಾಲ್‌ಶೀಟು, ಹೋಟೆಲ್ ರೂಮು, ರೈಲು ಚಾರ್ಜು. ದೊಡ್ಡ ನಿರ್ಮಾಪಕ ತಡೆದುಕೊಳ್ಳುತ್ತಾನೆ. ಹೊಸ ಹುಡುಗ ಸಣ್ಣ ಬಜೆಟ್ಟಿನಲ್ಲಿ ಕನ್ನಡ ಸಿನಿಮಾ ಮಾಡಲು ಹೊರಟರೆ ಇಲ್ಲೇ ಮುಗ್ಗರಿಸುತ್ತಾನೆ. ಇನ್ನೊಂದು ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ: ಕೆಲಸ ಅಲ್ಲಿ ನಡೆದರೆ ಕಲಿಯುವವರೂ ಅಲ್ಲೇ. ಇಲ್ಲಿ ಒಬ್ಬ ಸೌಂಡ್ ಎಂಜಿನಿಯರ್ ಬೆಳೆಯುವುದಾದರೂ ಹೇಗೆ?

80ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಕಟ್ಟಿದರು. ಕರ್ನಾಟಕದ ಮೊದಲ ಎಲೆಕ್ಟ್ರಾನಿಕ್ ರೆಕಾರ್ಡಿಂಗ್ ಸ್ಟುಡಿಯೊ ಎಂದು ಅದಕ್ಕೆ ಹೆಸರು. ಅವರ ನಾಟಕ ತಂಡದ ಹೆಸರೂ ಸಂಕೇತ್, ಸ್ಟುಡಿಯೊ ಹೆಸರೂ ಸಂಕೇತ್. ನಮಗಿದು ತುಂಬಾ ಇಷ್ಟವಾದ ವಿಷಯ. ಬಣ್ಣ ಹಚ್ಚುವ ತಂಡ ಒಂದು ಕಡೆ, ಮಿಷಿನ್ನುಗಳ ತಂಡ ಒಂದು ಕಡೆ ಅಂತ ಅವರಿಗೆ ಭೇದವೇ ಇರಲಿಲ್ಲ. ಹೀರೋ ಆಗಿ ಚೆನ್ನಾಗಿ ದುಡಿಯುತ್ತಿದ್ದವರು ಸೈಟು ತಗೊಳ್ಳದೆ ಸ್ಟುಡಿಯೊಗೆ ದುಡ್ಡು ಸುರಿದದ್ದು ಆಗ ಹಲವರಿಗೆ ವಿಚಿತ್ರವಾಗಿ ಕಂಡಿರಬೇಕು.

ಅದೇ ಕಾಲಕ್ಕೆ ಇನ್ನೊಂದು ಹೊಸ ಮಾಧ್ಯಮ ಬಾಗಿಲು ತಟ್ಟುತ್ತಿತ್ತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು, 1984ರಿಂದ ಧಾರಾವಾಹಿಗಳ ಕಾಲ. ಸಿನಿಮಾದವರಲ್ಲಿ ಅನೇಕರು ಟಿವಿಯನ್ನು ಒಂದೋ ಶತ್ರು ಅಂದುಕೊಂಡರು, ಇಲ್ಲವೇ ಸಣ್ಣ ಕೆಲಸ ಅಂದುಕೊಂಡರು. ಶಂಕರ್ ನಾಗ್ ಆರ್.ಕೆ. ನಾರಾಯಣರ ಕಥೆಗಳನ್ನು ಎತ್ತಿಕೊಂಡು ಆಗುಂಬೆಗೆ ಹೋದರು. ನಿರ್ಮಾಪಕ ಟಿ.ಎಸ್. ನರಸಿಂಹನ್, ಕಲಾ ನಿರ್ದೇಶನ ಜಾನ್ ದೇವರಾಜ್, ಸಂಗೀತ ಎಲ್. ವೈದ್ಯನಾಥನ್, ಟೈಟಲ್ಲಿನ ಗೆರೆಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆಗುಂಬೆಯಲ್ಲಿ ರೈಲು ಇಲ್ಲ, ಹಾಗಾಗಿ ಮಾಲ್ಗುಡಿ ಸ್ಟೇಷನ್ನಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ ಆಯಿತು. ಈಗ ಅಲ್ಲಿ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಒಂದು ವಿಚಿತ್ರ ಗಮನಿಸಿ. ಕಥೆ ಬರೆದದ್ದು ಇಂಗ್ಲಿಷಿನಲ್ಲಿ, ಧಾರಾವಾಹಿ ಬಂದದ್ದು ಹಿಂದಿಯಲ್ಲಿ, ಮಾಡಿದವರಲ್ಲಿ ಹೆಚ್ಚಿನವರು ಕನ್ನಡದವರು, ಸುರಿಯುವುದು ಮಲೆನಾಡಿನ ಮಳೆ. ನಮ್ಮಲ್ಲಿ ಬಹುಪಾಲು ಜನ ಇಂಗ್ಲಿಷ್ ಮೀಡಿಯಂ, ಸ್ವಾಮಿ ಕಥೆ ಓದಿದ್ದು ಇಂಗ್ಲಿಷ್ ಪಾಠದಲ್ಲಿ. ಆದರೆ ಕಣ್ಣ ಮುಂದೆ ಬರುವ ಸ್ವಾಮಿ ಶಂಕರ್ ನಾಗ್ ತೋರಿಸಿದ ಸ್ವಾಮಿಯೇ. ಆ ಹೆಂಚಿನ ಮನೆ, ಜಗುಲಿ, ಪಂಚೆ ಉಟ್ಟ ಅಪ್ಪ, ಎಲ್ಲಾ ನಮ್ಮ ಅಜ್ಜಿ ಊರಿನಂತೆಯೇ ಇತ್ತು. ದೇಶವೆಲ್ಲಾ ಒಂದೇ ಚಾನೆಲ್ ನೋಡುತ್ತಿದ್ದ ಕಾಲದಲ್ಲಿ ಕರ್ನಾಟಕದ ಒಂದು ಮೂಲೆಯನ್ನು ಎಲ್ಲರ ಮನೆಗೆ ಕಳಿಸಿದರು. 39 ಕಂತು ಅವರು ನಿರ್ದೇಶಿಸಿದ್ದು.

1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಒಂದು ಮುತ್ತಿನ ಕಥೆ’ ಮಾಡಿದರು. ಸ್ಟೈನ್‌ಬೆಕ್ ಕಾದಂಬರಿಯ ಎಳೆ, ಅದರಲ್ಲಿ ನೀರಿನಡಿಯ ದೃಶ್ಯಗಳಿವೆ. ಆ ಕಾಲಕ್ಕೆ ಕನ್ನಡದಲ್ಲಿ ದೊಡ್ಡ ಸಾಹಸ. ಅಣ್ಣಾವ್ರನ್ನು ಹಾಗೆ ಬಡ ಮುಳುಗುಗಾರನಾಗಿ ನೋಡುವುದು ಅಭಿಮಾನಿಗಳಿಗೆ ಅಷ್ಟಾಗಿ ಹಿಡಿಸಲಿಲ್ಲ. ನಮಗೆ ಮಾತ್ರ ಆ ಸೋಲು ಅವರ ಎಷ್ಟೋ ಹಿಟ್‌ಗಳಿಗಿಂತ ಮೇಲು ಅನಿಸುತ್ತೆ.

ಸಿನಿಮಾ ಆಚೆಗೂ ತಲೆ ಓಡುತ್ತಲೇ ಇತ್ತು. ನಂದಿ ಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಬೇಗ ಕಟ್ಟಬಹುದಾದ ಅಗ್ಗದ ಮನೆ, ಬೆಂಗಳೂರಿಗೆ ಮೆಟ್ರೋ. ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಎಂದು ಪುಸ್ತಕವನ್ನೇ ಬರೆದಿದ್ದಾರೆ. ತಮ್ಮ ಲಂಡನ್ನಿಗೆ ಹೋಗಿ ಅಲ್ಲಿನ ಮೆಟ್ರೋ ನೋಡಿಕೊಂಡು ಬಂದದ್ದನ್ನು ಅವರು ಹಲವು ಕಡೆ ನೆನೆಸಿಕೊಂಡಿದ್ದಾರೆ. ಆಗ ನಗುವಂತಿದ್ದ ಮಾತು. ಬೆಂಗಳೂರಿನಲ್ಲಿ ಮೊದಲ ಮೆಟ್ರೋ ಓಡಿದ್ದು 2011ರಲ್ಲಿ, ನಮ್ಮ ಯಡಿಯೂರಿಗೆ ಹತ್ತಿರದ ಸೌತ್ ಎಂಡ್ ಸರ್ಕಲ್ ಸ್ಟೇಷನ್ ತೆರೆದದ್ದು 2017ರಲ್ಲಿ.

ಇಲ್ಲಿ ನಮ್ಮ ಸಂಘದ ಒಂದು ಜಗಳದ ಬಗ್ಗೆ ಹೇಳಲೇಬೇಕು. ಕಳೆದ ರಾಜ್ಯೋತ್ಸವಕ್ಕೆ ಎಐ ಬಳಸಿ ಶಂಕರ್ ನಾಗ್ ದನಿ ತಯಾರಿಸಿ, ಅವರೇ ನಿರೂಪಣೆ ಮಾಡಿದಂತೆ ಮಾಡೋಣ ಅಂತ ಒಂದು ಐಡಿಯಾ ಬಂತು. ಕಷ್ಟವೇನಿಲ್ಲ, ಒಂದು ಲ್ಯಾಪ್‌ಟಾಪ್ ಸಾಕು. 2016ರ ‘ನಾಗರಹಾವು’ ಚಿತ್ರದಲ್ಲಿ ತೀರಿಕೊಂಡು ಏಳು ವರ್ಷವಾಗುತ್ತಾ ಬಂದಿದ್ದ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸಿನಲ್ಲಿ ತಂದದ್ದು ಎಲ್ಲರಿಗೂ ನೆನಪಿದೆ. ನಮ್ಮಲ್ಲಿ ಅರ್ಧ ಜನ, ಶಂಕ್ರಣ್ಣ ಇದ್ದಿದ್ದರೆ ಎಐ ಅನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದರು ಅಂದರು. ಅದು ನಿಜವೇ ಇರಬಹುದು. ಉಳಿದವರ ಮಾತು ಬೇರೆ. ಅವರು ತಂದ ಪ್ರತಿಯೊಂದು ಯಂತ್ರದ ಹಿಂದೆಯೂ ಹೊಸಬರಿಗೆ ಜಾಗ ಇತ್ತು: ಸ್ಟುಡಿಯೊ ಬಂದಾಗ ಇಲ್ಲಿನ ರೆಕಾರ್ಡಿಸ್ಟುಗಳಿಗೆ, ಟಿವಿ ಬಂದಾಗ ಮಂಜುನಾಥನಂಥ ಹುಡುಗನಿಗೆ. ನಾವು ಮಾಡಹೊರಟಿದ್ದು ಉಲ್ಟಾ, ಸ್ಟೇಜ್ ಮೇಲೆ ನಿಲ್ಲಲು ಕಾಯುತ್ತಿರುವ ಜೂನಿಯರ್ ಬಾಯಿ ಮುಚ್ಚಿಸಿ, ಕೇಳಿದರೆ ಉತ್ತರ ಕೊಡಲಾಗದವರ ದನಿ ಹಾಕುವುದು. ವೋಟಿಗೆ ಹಾಕಿದೆವು, ಸಮ ಆಯಿತು. ಕಡೆಗೆ ಮೊದಲ ವರ್ಷದ ಹುಡುಗಿಯೊಬ್ಬಳು ನಿರೂಪಣೆ ಮಾಡಿದಳು. ಜಗಳ ಮಾತ್ರ ಇನ್ನೂ ನಡೀತಿದೆ, ಓದುಗರೂ ಸೇರಿಕೊಳ್ಳಬಹುದು.

1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಲೋಕಾಪುರಕ್ಕೆ ಹೊರಟಿದ್ದರು. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಯಿತು. ಜೊತೆಯಲ್ಲಿದ್ದ ಅರುಂಧತಿ ಮತ್ತು ಪುಟ್ಟ ಮಗಳು ಕಾವ್ಯ ಬದುಕಿದರು. ಅವರಿಗೆ ಆಗ ಮೂವತ್ತೈದು ವರ್ಷ, ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಬೆಂಗಳೂರಿನಲ್ಲಿ ನಾಟಕಕ್ಕಾಗಿಯೇ ಒಂದು ಒಳ್ಳೆಯ ಥಿಯೇಟರ್ ಇರಬೇಕೆಂಬ ಆಸೆಯನ್ನು ಅರುಂಧತಿ ನಾಗ್ ಪೂರೈಸಿದರು. ಹದಿನಾಲ್ಕು ವರ್ಷದ ನಂತರ, 2004ರಲ್ಲಿ, ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು, ನಡೆಸುವುದು ಸಂಕೇತ್ ಟ್ರಸ್ಟ್. ಯಡಿಯೂರಿನಿಂದ ಅಲ್ಲಿಗೆ ದೂರವೇನಿಲ್ಲ, ಟಿಕೆಟ್ ಸ್ಟೂಡೆಂಟ್ಸ್ ಕೈಗೆ ಎಟುಕುವಂತಿರುತ್ತೆ, ಕೆಳಗೆ ಕೆಫೆಯೂ ಇದೆ. ಸ್ವಲ್ಪ ಬೇಗ ಹೊರಡಿ. ನಾಟಕ ಶುರುವಾದ ಮೇಲೆ ಯಾರೇ ಬಂದರೂ ಅಲ್ಲಿ ಒಳಗೆ ಬಿಡುವುದಿಲ್ಲ.